ಹಾಲಿನಲ್ಲಿ ನೆನೆದ ರೊಟ್ಟಿ

ನಾಗರಪಂಚಮಿಯ ಹಿಂದಿನ ದಿನ ನಮ್ಮಲ್ಲಿ ರೊಟ್ಟಿ ಹಬ್ಬ. ಈ ಸಲವೂ ಎದುರುಮನೆಯಿಂದ ಸಜ್ಜೆಯ ಕಡಕ್ ರೊಟ್ಟಿಯ ತಟ್ಟೆ ಬಂತು. ಮುಚ್ಚಿದ ಬಟ್ಟೆ ಸರಿಸಿದೊಡನೆ ಹುರಿದ ಎಳ್ಳಿನ ವಾಸನೆ. ಅದರ ಹಿಂದೆಯೇ ಆ ಮನೆಯ ದೊಡ್ಡವ್ವ ನೆನಪಾದಳು... ಅವಳು ಹೋಗಿ ವರ್ಷಗಳೇ ಆದವು.

ಹೊಳೆಆಲೂರಿನ ನಮ್ಮ ಓಣಿಗೆಲ್ಲ ಅವಳು ದೊಡ್ಡವ್ವನೇ. ಹಬ್ಬದಲ್ಲಿ ಮನೆಮನೆಯ ರೊಟ್ಟಿ ಅದಲುಬದಲಾಗುವಾಗ ಒಂದೊಂದನ್ನೂ ಕಟಂ ಎಂದು ಕಡಿದು ನೋಡುತ್ತಿದ್ದಳು. ಸದ್ದು ಬರದಿದ್ದರೆ ಮುಗಿಯಿತು. "ಇದೇನ್ ರೊಟ್ಟಿನೋ, ಹಸಿ ಅರಿವಿನೋ?" ಎಂದು ಒದ್ದೆ ಬಟ್ಟೆಗೆ ಹೋಲಿಸಿ ಎಲ್ಲರಿಗೂ ಕೇಳುವಂತೆ ಅನ್ನುವಳು. ನನ್ನ ರೊಟ್ಟಿಗೆ ಆ ಮಾತು ಎಷ್ಟು ಸಲ ಬಿದ್ದಿದೆಯೋ!

ಅವಳ ತವರು ಮೆಣಸಗಿ. ತಂಗಿಯನ್ನು ಹುಬ್ಬಳ್ಳಿಗೆ ಕೊಟ್ಟಿದ್ದರು. ಪಂಚಮಿಗೆ ತವರಿಗೆ ಹೊರಟ ತಂಗಿ ನಮ್ಮೂರಲ್ಲಿ ರೈಲು ಇಳಿದು ಮೊದಲು ಅಕ್ಕನ ಮನೆಗೇ ಬರುತ್ತಿದ್ದಳು. ಇಬ್ಬರೂ ಕಟ್ಟೆಯ ಮೇಲೆ ಕೂತು ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕುತ್ತ ಹರಟುವರು. ಚಿಕ್ಕಂದಿನಲ್ಲಿ ಕಳೆ ತೆಗೆಯಲು ಹೋಗುವಾಗ ಕೂಡಿಯೇ ಹತ್ತಿಸಿಕೊಂಡ ಚಟ ಅದು.

ಒಂದು ವರ್ಷ ತಂಗಿ ಬರಲಿಲ್ಲ. ಹುಬ್ಬಳ್ಳಿಯಲ್ಲಿ ಹಲ್ಲು ತೋರಿಸಲು ಹೋದಾಗ ಗಲ್ಲದೊಳಗಿನ ಸಣ್ಣ ಹುಣ್ಣು ಡಾಕ್ಟರ ಕಣ್ಣಿಗೆ ಬಿದ್ದಿತ್ತು. ಕ್ಯಾನ್ಸರ್ ಎಂದು ತಿಳಿದು ತಡಮಾಡದೆ ಆಪರೇಷನ್ ಮಾಡಿದ್ದರು. ಅಕ್ಕನಿಗೆ ಮಾತ್ರ "ಹಲ್ಲಿನ ಆಪರೇಷನ್" ಎಂದು ಹೇಳಿ ಕಳಿಸಿದರು. ಆ ರೋಗದ ಹೆಸರನ್ನು ನಮ್ಮ ಕಡೆ ಬಾಯಲ್ಲಿ ತರುವುದಿಲ್ಲ. ಅಕ್ಕ ಸುಮ್ಮನೆ ಹೆದರಿಯಾಳು ಎಂಬ ಪ್ರೀತಿಯೇ ಅದು. ಆ ಪ್ರೀತಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಏಕೆಂದರೆ ಅದೇ ಹೊತ್ತಿಗೆ ದೊಡ್ಡವ್ವನ ಬಾಯಲ್ಲೂ ಹುಣ್ಣೆದ್ದಿತ್ತು. ಹಲ್ಲುಬೇನೆ ಎಂದುಕೊಂಡಳು. ಹಲ್ಲುಬೇನೆಗೆ ತಂಬಾಕು ಒತ್ತಿಟ್ಟುಕೊಳ್ಳುವುದು ನಮ್ಮವರ ಮದ್ದು. ಅದನ್ನೇ ಇಟ್ಟಳು, ಹುಣ್ಣಾದ ಗಲ್ಲದಲ್ಲೇ. ಊರಲ್ಲಿ ತೋರಿಸಿದರೆ ಉಷ್ಣ ಎಂದು ಮುಲಾಮು ಕೊಟ್ಟರು. ರೋಣದ ಆಸ್ಪತ್ರೆಗೆ ಹೋದರೆ ಗದಗಿನ ದೊಡ್ಡಾಸ್ಪತ್ರೆಗೆ ಹೋಗೆಂದರು. ಹಲ್ಲಿಗೋಸ್ಕರ ಯಾರು ಅಷ್ಟು ದೂರ ಹೋಗುತ್ತಾರೆ ಎಂದು ತಿರುಗಿ ಬಂದಳು.

ಮರುವರ್ಷದ ಹಬ್ಬದಲ್ಲಿ ದೊಡ್ಡವ್ವ ರೊಟ್ಟಿ ಕಡಿಯಲಿಲ್ಲ. ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದಳು. ಆಗಷ್ಟೇ ರೈಲಿಳಿದು ಬಂದ ತಂಗಿ ಅದನ್ನು ಕಂಡು ಹೊಸ್ತಿಲಲ್ಲೇ ನಿಂತಳು.

"ಯಕ್ಕಾ, ಬಾಯಿ ತಗಿ."

"ಹಲ್ಲಬ್ಯಾನಿ ಬಿಡವಾ. ನಿನಗ ಆಗಿತ್ತಲ್ಲ, ಹಂಗ."

"ನನಗ ಆಗಿದ್ದು ಹಲ್ಲಬ್ಯಾನಿ ಅಲ್ಲ ಯಕ್ಕಾ..." ಎಂದವಳೇ ತಂಗಿ ಅಕ್ಕನ ಗದ್ದ ಹಿಡಿದು ತಾನೇ ಬಾಯಿ ತೆಗೆಸಿ ನೋಡಿದಳು.

ನಾಗಪ್ಪನಿಗೆ ಹಾಲೆರೆಯಲೂ ನಿಲ್ಲದೆ ಮರುದಿನ ಇಬ್ಬರೂ ಹುಬ್ಬಳ್ಳಿ ರೈಲು ಹತ್ತಿದರು. ರೋಗ ಗಂಟಲಿಗಿಳಿದಿದೆ, ತಡವಾಯಿತು ಎಂದರಂತೆ. ಮುಂದಿನ ಪಂಚಮಿಗೆ ದೊಡ್ಡವ್ವ ಇರಲಿಲ್ಲ.

ಈ ಸಲ ತಟ್ಟೆ ಹಿಡಿದು ಬಂದವಳು ಆ ತಂಗಿಯೇ. ಒಂದು ಗಲ್ಲ ಒಳಸೇರಿದೆ, ಮಾತು ತುಸು ತೊದಲು. ಅಕ್ಕನಿಲ್ಲದ ಮನೆಗೆ ಪ್ರತಿ ಹಬ್ಬಕ್ಕೂ ಬಂದು ತಾನೇ ರೊಟ್ಟಿ ಬಡಿದು ಓಣಿಗೆಲ್ಲ ಹಂಚುತ್ತಾಳೆ.

"ಒಂದ ಚಟ, ಒಂದ ಬ್ಯಾನಿ. ಇಬ್ಬರ್ನೂ ಕೊಟ್ಟ ಊರಷ್ಟ ಬ್ಯಾರೆ ನೋಡವಾ," ಅಂದಳು.

ನಾನು ಅವಳು ತಂದ ರೊಟ್ಟಿ ಮುರಿದೆ. ಕಟಂ ಎಂದಿತು. ಇಬ್ಬರಿಗೂ ಅಳು ತಡೆಯಲಾಗಲಿಲ್ಲ.