ಹದಿನಾರರ ಗುಂಡು

ಹುಬ್ಬಳ್ಳಿಯ ಆ ಪರೀಕ್ಷೆಯ ಹಾಲ್‌ನಲ್ಲಿ ತಕ್ಕಡಿ ತರಿಸಿರಿ ಅಂತ ಹಟ ಹಿಡಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಇಬ್ಬರನ್ನು ಚೆನ್ನಾಗಿ ಬೈಯುವವಳಿದ್ದೇನೆ. ಬೈಯುವವಳ ಬಾಯಿ ಎಂಥದು ಅನ್ನುವುದು ಓದುವವರಿಗೂ ಗೊತ್ತಿರಲಿ.

ನಾನು ಬೆಟಗೇರಿಯ ನೇಕಾರರ ಮನೆಯ ಸೊಸೆ. ಗಂಡ ಮನೆಯಲ್ಲೇ ಕೈಮಗ್ಗದ ಮೇಲೆ ಸೀರೆ ನೇಯುತ್ತಾರೆ. ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುವ ಕೆಲಸ ನನ್ನದು. ಇಪ್ಪತ್ತು ವರ್ಷ ಒಂದೇ ಕಡೆ ಕುಂತು ಸುತ್ತಿ ಸುತ್ತಿ ಸೊಂಟ ಹಿಡಿದುಕೊಂಡಿತು. ಬಗ್ಗಿದರೆ ಏಳಲಿಕ್ಕೆ ಬಾರದು, ಎದ್ದರೆ ಬಗ್ಗಲಿಕ್ಕೆ ಬಾರದು. ಗದಗಿನ ಡಾಕ್ಟರು ನೋಡಿ, "ಗುಳಿಗಿ ಎಷ್ಟ್ ದಿನಾ ನುಂಗ್ತೀರಿ? ದಿನಾ ಮುಂಜಾನೆ ನಡೀರಿ" ಅಂದರು. ಡಂಬಳದ ಕಡೆ ಹೋಗುವ ರಸ್ತೆ ಹಿಡಿದು ನಡೆಯತೊಡಗಿದೆ.

ಆ ದಾರಿಯಲ್ಲೇ ಒಂದು ಹಳೆಯ ಗರಡಿಮನೆ ಇತ್ತು. ಅದನ್ನು ನಡೆಸುವ ಗುರುವನ್ನು ಎಲ್ಲರೂ ವಸ್ತಾದರು ಅನ್ನುತ್ತಾರೆ. ಎಪ್ಪತ್ತರ ಮೇಲಿನ ವಯಸ್ಸು, ಕುಸ್ತಿಯಲ್ಲಿ ಮುದುಡಿಹೋದ ಕಿವಿ. ಒಂದು ಕಾಲಕ್ಕೆ ಶಿರಹಟ್ಟಿ, ಲಕ್ಷ್ಮೇಶ್ವರದ ಕಣಗಳಲ್ಲಿ ಜಟ್ಟಿಗಳನ್ನು ಚಿತ್ ಮಾಡಿದ ಮನುಷ್ಯ. ನಾನು ದಿನವೂ ಸೊಂಟದ ಮೇಲೆ ಕೈಯಿಟ್ಟುಕೊಂಡು ಹೋಗುವುದನ್ನು ನೋಡಿ ಒಂದು ದಿನ ಕರೆದರು. "ತಂಗಿ, ಬರೇ ನಡದ್ರ ಸೊಂಟ ಗಟ್ಟಿ ಆಗಂಗಿಲ್ಲ. ಬಾ ಇಲ್ಲೆ, ಇದನ್ನ ಹಿಡಿ." ಅದು ಕೆಟಲ್‌ಬೆಲ್. ಕಬ್ಬಿಣದ ಗುಂಡಿಗೆ ಮೇಲೊಂದು ಹಿಡಿಕೆ, ಅಷ್ಟೇ. ಈಗಿನ ಹುಡುಗರು ಮೊಬೈಲಿನಲ್ಲಿ ನೋಡಿ ಕೇಳುತ್ತಾರೆ ಅಂತ ಎರಕದವನ ಹತ್ತಿರ ಎಂಟು, ಹನ್ನೆರಡು, ಹದಿನಾರು ಕಿಲೋದವು ಮಾಡಿಸಿಟ್ಟಿದ್ದರು. ಗರಡಿಯ ಕೆಮ್ಮಣ್ಣಿನೊಳಗೆ ಹೆಂಗಸರು ಇಳಿಯುವಂತಿಲ್ಲ. ಹೀಗಾಗಿ ನನ್ನ ತಾಲೀಮು ಹೊರಗಿನ ಬೇವಿನ ಗಿಡದ ಕೆಳಗೆ ನಡೆಯಿತು. ಹೋಗುವವರು ಬರುವವರು ನಕ್ಕರು. ವಸ್ತಾದರು ಒಮ್ಮೆ ಕಣ್ಣು ಕೆಂಪಗೆ ಮಾಡಿದರು, ನಗು ನಿಂತಿತು. ಅವತ್ತಿನಿಂದ ಆ ಮನುಷ್ಯ ಹೇಳಿದ್ದೇ ನನಗೆ ವೇದವಾಯಿತು.

ಎಂಟರ ಗುಂಡನ್ನು ಕಾಲ ಸಂದಿಯಿಂದ ಬೀಸಿ ಎದೆಮಟ್ಟಕ್ಕೆ ತರಲಿಕ್ಕೆ ಕಲಿತೆ. ಮೂರು ತಿಂಗಳಿಗೆ ಸೊಂಟನೋವು ಹೇಳದೆ ಕೇಳದೆ ಹೋಯಿತು. ಮುಂದೆ ಹನ್ನೆರಡು ಬಂತು. ಆ ಹೊತ್ತಿಗೆ ಗದಗಿನಲ್ಲಿ ಹೆಂಗಸರಿಗೆಂದೇ ಒಂದು ಹೊಸ ಜಿಮ್ ಶುರುವಾಗಿತ್ತು. ನಾನು ಗುಂಡು ಎತ್ತುವ ಸುದ್ದಿ ಕೇಳಿ ಅದರ ಮಾಲಕಿ ಕರೆಸಿಕೊಂಡು, "ಸರ್ಟಿಫಿಕೇಟ್ ತಗೊಂಡ್ ಬರ್ರಿ ಅಕ್ಕಾರ, ಮುಂಜಾನಿ ಬ್ಯಾಚ್ ನಿಮ್ಮದ" ಅಂದಳು. ಆ ಸರ್ಟಿಫಿಕೇಟಿನ ಪರೀಕ್ಷೆ ಹುಬ್ಬಳ್ಳಿಯಲ್ಲಿ. ಹೆಂಗಸರು ಹದಿನಾರು ಕಿಲೋದ ಗುಂಡನ್ನು ಕಾಲ ಸಂದಿಯಿಂದ ಒಂದೇ ಎಳೆತಕ್ಕೆ ತಲೆಯ ಮೇಲೆ ಒಯ್ದು ನಿಲ್ಲಿಸಬೇಕು. ಐದು ನಿಮಿಷದಲ್ಲಿ ನೂರು ಸಲ. ಅಷ್ಟಾದರೆ ನಾನು ಕಂಡಿಕೆ ಬಿಟ್ಟು ಎದ್ದು ನಿಂತು ಮಾಡುವ ಒಂದು ಕೆಲಸಕ್ಕೆ ಹೋಗಬಹುದಿತ್ತು. ನಲವತ್ಮೂರನೇ ವಯಸ್ಸಿನಲ್ಲಿ ಮೊದಲ ಸಲ ನನಗೆ ಅಂತ ಒಂದು ಆಸೆ ಹುಟ್ಟಿತು ನೋಡಿ.

ಆದರೆ ಹದಿನಾರು ಮೇಲೇಳಲೊಲ್ಲದು. ನಾಲ್ಕು ತಿಂಗಳು ಗುದ್ದಾಡಿದೆ. ತಲೆಯ ಮಟ್ಟಕ್ಕೆ ಬರುವುದು, ಮುಂಗೈಗೆ ರಪ್ಪಂತ ಹೊಡೆದು ಕೆಳಗೆ ಬರುವುದು. ಮುಂಗೈ ತುಂಬ ನೀಲಿ ಬಾವು. ಬೇವಿನ ಗಿಡದ ಕೆಳಗೆ ಕುಂತು ಎಷ್ಟು ಸಲ ಅತ್ತೆನೋ. ಒಂದು ಮುಂಜಾನೆ ವಸ್ತಾದರು, "ಈ ಗುಂಡಿನ ಹಿಡಿಕಿನ ಸರಿ ಇಲ್ಲ ತಂಗಿ, ಎರಕದವ ಕೆಡಿಸ್ಯಾನ. ಬ್ಯಾರೆ ಮಾಡಸ್ತೀನಿ" ಅಂದರು. ಹದಿನೈದು ದಿನಕ್ಕೆ ಹೊಸದು ಬಂತು. ನುಣುಪಾದ ಹಿಡಿಕೆ, ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ಹದಿನಾರು ಅಂತ ಬರೆದಿತ್ತು. ಮೊದಲನೇ ದಿನವೇ ಅದು ತಲೆಯ ಮೇಲೆ ನಿಂತಿತು! ಯಪ್ಪಾ, ನಾನು ಕಿರುಚಿದ ಕಿರುಚುವಿಕೆಗೆ ಗರಡಿಯೊಳಗಿನವರು ಮಣ್ಣು ಕೊಡವಿಕೊಂಡು ಹೊರಗೆ ಓಡಿ ಬಂದರು. ಸಂಜೆ ನನ್ನ ಗಂಡ ಓಣಿಗೆಲ್ಲ ಪೇಡೆ ಹಂಚಿದರು. ಹಳೆಯ ಗುಂಡು ಎಲ್ಲಿ ಹೋಯಿತು ಅಂತ ನಾನು ಕೇಳಲಿಲ್ಲ.

ಅದನ್ನು ತೂಗಿಯೂ ನೋಡಲಿಲ್ಲ. ಇದಕ್ಕೆ ಯಾರಾದರೂ ನಕ್ಕರೆ ನಗಲಿ. ನಮ್ಮದು ತೂಕದ ಮನೆ. ಬಂದ ನೂಲು, ಉಳಿದ ನೂಲು ಎಲ್ಲವೂ ತಕ್ಕಡಿ ಏರಿಯೇ ಇಳಿಯಬೇಕು. ತವರಿನಿಂದ ಬಂದ ಚಕ್ಕುಲಿಯನ್ನೂ ನಮ್ಮ ಅತ್ತೆ ತೂಗಿದ್ದರು. ಆದರೆ ಆ ಗರಡಿಯಲ್ಲಿ ಎತ್ತುವ ಕಲ್ಲನ್ನು ಯಾರೂ ತೂಗುವಂತಿಲ್ಲ, ಅದು ಹಿಂದಿನಿಂದ ಬಂದ ಕಟ್ಟಳೆ. ತೂಗಿದರೆ ಕಲ್ಲಿಗೂ ಅವಮಾನ, ಕೊಟ್ಟ ಗುರುವಿಗೂ ಅವಮಾನ. ವಸ್ತಾದರು ಇದು ಇಷ್ಟು ಅಂದರೆ ಅದು ಅಷ್ಟೇ. ಕಬ್ಬಿಣದ ಗುಂಡಿಗೂ ಆ ಕಟ್ಟಳೆ ಸಲ್ಲುತ್ತದೆ ಅಂತ ಯಾರೂ ನನಗೆ ಹೇಳಿರಲಿಲ್ಲ. ನಾನೇ ತಿಳಿದುಕೊಂಡಿದ್ದೆ.

ಮುಂದಿನ ಎಂಟು ತಿಂಗಳು ನಾನು ಸೋಮಾರಿತನ ಅನ್ನುವುದನ್ನು ಕಾಣಲಿಲ್ಲ. ಮೊದಲು ನಿಮಿಷಕ್ಕೆ ಹತ್ತು, ಆಮೇಲೆ ಹದಿನೈದು, ಆಮೇಲೆ ಇಪ್ಪತ್ತು. ದಮ್ಮು ಹೆಚ್ಚಲಿ ಅಂತ ಪ್ರತಿ ರವಿವಾರ ಗುಂಡನ್ನು ಕೈಯಲ್ಲಿ ಜೋತುಬಿಟ್ಟುಕೊಂಡು ಡಂಬಳದ ರಸ್ತೆಯಲ್ಲಿ ನಡಿಗೆ. ಒಂದು ಕರೆಂಟ್ ಕಂಬದಿಂದ ಇನ್ನೊಂದರ ತನಕ ಬಲಗೈ, ಅಲ್ಲಿಂದ ಮುಂದಿನದಕ್ಕೆ ಎಡಗೈ. ಗಂಡ ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ಕಂಬ ಎಣಿಸುತ್ತಾ ಬರುತ್ತಿದ್ದರು. ವಾರವೆಲ್ಲ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಮನುಷ್ಯ, ಇರುವ ಒಂದು ಬಿಡುವಿನ ದಿನ ನನ್ನ ಹಿಂದೆ ಬಿಸಿಲಲ್ಲಿ ನಡೆಯುತ್ತಿದ್ದರು. ತಿರುಗಿ ಬರುವಾಗ ನನಗೆ ಸಾಕಾದರೆ ಗುಂಡನ್ನು ಅವರೇ ಹಿಡಿಯುತ್ತಿದ್ದರು. "ನಿಮಗ ಭಾರ ಆಗ್ತೈತಿ, ಕೊಡ್ರಿ" ಅಂದರೆ, "ಏ ಸುಮ್ಮನ ನಡಿ, ಇದೇನ್ ಮಹಾ" ಅನ್ನುತ್ತಿದ್ದರು. ಇಂಥ ಗಂಡ ಯಾರಿಗೆ ಸಿಗಬೇಕು ಅಂತ ನಾನು ಒಳಗೊಳಗೇ ಬೀಗುತ್ತಿದ್ದೆ. ಕೊನೆಗೆ ನೂರು ಎಳೆತ ಮುಗಿಸಿದೆ, ಪರೀಕ್ಷೆಯ ದಿನ ಅವರೇ ನನ್ನನ್ನು ಹುಬ್ಬಳ್ಳಿಯ ಬಸ್ಸು ಹತ್ತಿಸಿ ಬಂದರು.

ಪರೀಕ್ಷೆಯ ಹಾಲ್‌ನಲ್ಲಿ ಅವರು ಕೊಟ್ಟ ಹದಿನಾರನ್ನು ಸುಮ್ಮನೆ ಕೈಗೆ ತೆಗೆದುಕೊಂಡೆ. ಭುಜ ಕೆಳಗೆ ಜಗ್ಗಿತು. ಪಾಪ, ತಪ್ಪಿ ಬೇರೆಯದು ಇಟ್ಟಿದ್ದಾರೆ ಅಂದುಕೊಂಡೆ. "ಇದು ಇಪ್ಪತ್ತರದು ಐತ್ರಿ, ಬದಲಿ ಮಾಡ್ರಿ" ಅಂದೆ. ಪರೀಕ್ಷೆ ತೆಗೆದುಕೊಳ್ಳುವ ಹೆಣ್ಣುಮಗಳು ಮೇಲಿನ ಅಂಕಿ ತೋರಿಸಿದಳು. ನಾನು ಕೇಳುತ್ತೇನೆಯೇ! "ಅಂಕಿ ಯಾರ್ ಬೇಕಾದ್ರೂ ಬರೀತಾರ್ರಿ. ದಿನಾ ಹದಿನಾರು ಎತ್ತೋ ಕೈ ಐತಿ ಇದು. ತಕ್ಕಡಿ ತರಸ್ರಿ" ಅಂದೆ. ಅಲ್ಲಿ ಇಪ್ಪತ್ತು ಜನ ಹುಡುಗಿಯರು ನಿಂತು ನೋಡುತ್ತಿದ್ದರು. ತಕ್ಕಡಿ ಬಂತು. ಸರಿಯಾಗಿ ಹದಿನಾರು ತೋರಿಸಿತು. ಆ ಹೆಣ್ಣುಮಗಳು ಒಂದು ಕೆಟ್ಟ ಮಾತು ಆಡಲಿಲ್ಲ, "ಶುರು ಮಾಡೋಣೇನ್ರಿ?" ಅಂದಳು. ನಾನು ಅರವತ್ತೊಂದಕ್ಕೆ ನಿಂತೆ. ಅಂಗೈ ಚರ್ಮ ಕಿತ್ತು ಹಿಡಿಕೆಗೆ ಅಂಟಿಕೊಂಡಿತ್ತು. ಅದಕ್ಕಿಂತ ಹೆಚ್ಚಾಗಿ, ಆ ತಕ್ಕಡಿಯ ಮುಂದೆ ನನ್ನ ಮಾನ ಹರಾಜಾಗಿತ್ತು.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವುದಕ್ಕೂ ಮೊದಲು ನನ್ನ ಗುಂಡನ್ನು ನೂಲಿನ ತಕ್ಕಡಿಗೆ ಹಾಕಿದೆ. ಹದಿಮೂರು ಕಿಲೋ ಮುನ್ನೂರು ಗ್ರಾಂ. ತೆಗೆದು ಮತ್ತೆ ಹಾಕಿದೆ. ಅಷ್ಟೇ. "ನೋಡ್ರಿ! ವಸ್ತಾದ್ರು ನನಗ ಹೆಂಗ ಮೋಸ ಮಾಡ್ಯಾರ ನೋಡ್ರಿ!" ಅಂತ ಗಂಡನ ಮುಂದೆ ಕೂಗಾಡಿದೆ. ಅವರು ನನ್ನ ಅಂಗೈ ಹಿಡಿದು, "ಮದ್ಲ ಇದಕ್ಕ ಅರಿಷಿಣ ಹಚ್ಚು" ಅಂದರು.

ಮರುದಿನ ಬೆಳಗಾಗುತ್ತಲೇ ಗರಡಿಗೆ ಹೋಗಿ ಆ ಗುಂಡನ್ನು ವಸ್ತಾದರ ಕಾಲ ಮುಂದೆ ಕುಕ್ಕಿದೆ. "ಏನ್ರಿ ವಸ್ತಾದ್ರ, ಇದು ಹದಿನಾರೇನ್ರಿ?" ಅಂದೆ. ಅವರು ತಡವರಿಸಲೂ ಇಲ್ಲ. "ಅಲ್ಲ. ಒಳಗ ಪೊಳ್ಳ ಐತಿ, ನಾನ ಹೇಳಿ ಹಂಗ ಮಾಡಿಸಿದ್ದೆ. ದಿನಾ ಅಳತಿದ್ದಿ. ಪೈಲ್ವಾನನ ಜೀವ ಸೋತಾಗ ಹಗೂರ ಕಲ್ಲ ಕೊಟ್ಟು ಭಾರದ್ದು ಐತಿ ಅನ್ನೋದು ನಮ್ಮ ಗರಡ್ಯಾಗ ಮದ್ಲಿಂದ ಐತಿ. ನನ್ನ ಗುರುನೂ ನನಗ ಹಂಗ ಮಾಡಿದ್ದ. ಜೀವ ಗಟ್ಟಿ ಆದಮ್ಯಾಲ ಖರೇ ಕಲ್ಲ ತಾನಾ ಏಳತೈತಿ."

"ನನ್ನ ಖರೇ ಕಲ್ಲು ಹುಬ್ಬಳ್ಳ್ಯಾಗ ಇತ್ರೀ! ಅಲ್ಲಿಗೆ ಕಳಸೋ ಮುಂದರ ಹೇಳಬೇಕಿತ್ತಿಲ್ಲೋ?" ಅಂದೆ. ಅದಕ್ಕೆ ಆ ಮುದುಕ ಹೇಳಿದ್ದು ನನ್ನ ಎದೆಗೆ ಒದ್ದ ಹಾಗಾಯಿತು. "ನಿನ್ನ ಗಂಡ ಹೇಳ್ತಾನ ಅನ್ಕೊಂಡಿದ್ದೆ ತಂಗಿ. ಅವಂಗ ಮದಲ್ನೇ ದಿನಾನ ಗೊತ್ತಾಗಿತ್ತು. ಇಲ್ಲಿಗೆ ಬಂದು ಎತ್ತಿ ನೋಡಿ, ವಸ್ತಾದ್ರ, ಇದು ಹದಿಮೂರು ಚಿಲ್ರಿ ಐತಿ ಅಂದಿದ್ದ."

ಗೊತ್ತಾಗದೆ ಏನು! ಮೂವತ್ತು ವರ್ಷ ನೂಲಿನ ಗಂಟು ಎತ್ತಿದ ಕೈ. ತಕ್ಕಡಿಗಿಂತ ಮೊದಲು ಆ ಕೈ ತೂಕ ಹೇಳುತ್ತದೆ, ಪಾವು ಕಿಲೋ ಆಚೆ ಈಚೆ ಆಗುವುದಿಲ್ಲ. ಅದೇ ಕೈಯಿಂದ ಎಂಟು ತಿಂಗಳು ರವಿವಾರಕ್ಕೊಮ್ಮೆ ಆ ಗುಂಡು ಹೊತ್ತು ನನ್ನ ಪಕ್ಕ ನಡೆದಿದ್ದರು. ಪೇಡೆ ಹಂಚಿದ್ದೂ ಅದೇ ಕೈ! ವಸ್ತಾದರ ಮೇಲಿನ ಸಿಟ್ಟು ಅಲ್ಲೇ ನಿಂತಿತು. ಮನೆಗೆ ಹೇಗೆ ಬಂದೆನೋ ನೆನಪಿಲ್ಲ.

ಮಗ್ಗದ ಮೇಲಿದ್ದವರನ್ನು, "ಯಾಕ ಹೇಳಲಿಲ್ಲ?" ಅಂತ ಕೇಳಿದೆ.

"ನಾಕ್ ತಿಂಗಳ ಮ್ಯಾಲ ನಕ್ಕಿದ್ದಿ. ಆ ಮಾರಿ ನೋಡಿ ಹೆಂಗ ಹೇಳ್ಲಿ?"

"ಆಮ್ಯಾಲರ?"

"ಆಮ್ಯಾಲ ಇವತ್ತು ಹೇಳೋಣು, ನಾಳಿ ಹೇಳೋಣು ಅಂತ ಆತು. ನೀ ಖರೇನ ಹುಬ್ಬಳ್ಳಿಗೆ ಹೊಂಡ್ತಿ ಅಂತ ನಾ ತಿಳದಿರಲಿಲ್ಲ. ಸೊಂಟಕ್ಕ ಚಲೋ ಆತು, ಇನ್ನೇನ ಬೇಕು ಅನ್ಕೊಂಡಿದ್ದೆ. ಬಸ್ ಹತ್ತಸೋ ಮುಂದ ಹೇಳಾಕ ಬಾಯಿ ಬರಲಿಲ್ಲ."

ಅಂದರೆ ಅವರಿಗೆ ಅದು ಸೊಂಟನೋವಿನ ಔಷಧಿ. ನಾನು ಮುಂಜಾನೆ ಎದ್ದು ಕಟ್ಟುತ್ತಿದ್ದ ಬದುಕನ್ನು ಅವರು ಆಟ ಅಂತ ತಿಳಿದು ಕಂಬ ಎಣಿಸಿದ್ದರು. ಸೋತದ್ದಕ್ಕೆ ನಾನು ಅಷ್ಟು ಕುಗ್ಗಲಿಲ್ಲ. ಈ ಮಾತಿಗೆ ಕುಗ್ಗಿದೆ. ಮೊದಲ ದಿನ ಆ ಗುಂಡು ಅಷ್ಟು ಸಲೀಸಾಗಿ ಎದ್ದಾಗ ನನಗೂ ಒಳಗೆ ಚುರ್ ಅಂದಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಬೇಡ ಅಂತ ತಳ್ಳಿದ್ದೆ. ಆದರೆ ನನಗೆ ಬರೀ ಅನುಮಾನ, ಅವರಿಗೆ ಗೊತ್ತು. ಎರಡೂ ಒಂದೇ ಅಲ್ಲ.

ಜಿಮ್ಮಿನ ಮುಂಜಾನೆಯ ಬ್ಯಾಚ್ ಧಾರವಾಡದ ಹುಡುಗಿಯೊಬ್ಬಳ ಪಾಲಾಯಿತು. "ಸಂಜೀದು ಖಾಲಿ ಐತ್ರಿ, ಇನ್ನೊಮ್ಮೆ ಬರೀರಿ" ಅಂದಳು ಮಾಲಕಿ. ಹುಬ್ಬಳ್ಳಿಯಿಂದ ನಿಜವಾದ ಹದಿನಾರು ಕೊಂಡು ಬಸ್ಸಿನಲ್ಲಿ ತಂದೆ. ಕಂಡಕ್ಟರ್ ಚೀಲ ಸರಿಸಲಿಕ್ಕೆ ಹೋಗಿ, "ಏನ್ರಿ ಅಕ್ಕಾರ, ಊರಿಗೆ ದೇವರನ್ನ ಒಯ್ಯಾಕತ್ತೀರೇನು?" ಅಂದ. ಹಿತ್ತಲಲ್ಲಿ ಒಬ್ಬಳೇ ಮತ್ತೆ ಮೊದಲಿನಿಂದ ಶುರು ಮಾಡಿದೆ. ಮೊದಲ ವಾರ ಒಂದೇ ಉಸಿರಿಗೆ ಹನ್ನೆರಡು ಎಳೆತದ ಮೇಲೆ ಆಗಲಿಲ್ಲ. ರವಿವಾರ ಗಂಡ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತರು. "ಬ್ಯಾಡ್ರಿ" ಅಂದು ಬಾಟಲಿ ಇಸಿದುಕೊಂಡು ನಾನೊಬ್ಬಳೇ ಹೋದೆ. ವಸ್ತಾದರು ಒಂದು ದಿನ ಮನೆಗೆ ಬಂದರು. ಹಿರಿಯರು, ಬಾಗಿಲಿಂದ ಕಳಿಸಲಿಕ್ಕಾಗುತ್ತದೆಯೇ? ಚಹಾ ಕೊಟ್ಟೆ, ಮಾತು ಕೊಡಲಿಲ್ಲ. ಕಪ್ಪು ಕೆಳಗಿಟ್ಟು, "ನಿನ್ನ ಅಳು ನೋಡಾಕ ಆಗಲಿಲ್ಲ ತಂಗಿ" ಅಂದು ಎದ್ದು ಹೋದರು.

ಅಡುಗೆ, ಕಂಡಿಕೆ, ಮಾತುಕತೆ ಎಲ್ಲ ಮೊದಲಿನ ಹಾಗೆಯೇ ನಡೆಯಿತು. ಹೊರಗಿನವರಿಗೆ ಏನೂ ತಿಳಿಯಲಿಲ್ಲ. ಆದರೆ ಗಂಡ "ಇವತ್ತ ಪಲ್ಯ ಭಾರಿ ಆಗೈತಿ" ಅಂದರೆ ನಾನು ಒಂದು ತುತ್ತು ಬಾಯಿಗೆ ಹಾಕಿ ನೋಡುತ್ತಿದ್ದೆ. "ತೆಳ್ಳಗ ಆಗಿದ್ದಿ" ಅಂದರೆ ಕನ್ನಡಿಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಈ ಹೊಸ ಚಟ ಅಂಟಿಕೊಂಡಿತು.

ಹತ್ತು ತಿಂಗಳ ಮೇಲೆ ಮತ್ತೆ ಹುಬ್ಬಳ್ಳಿಗೆ ಹೋದೆ. ಅದೇ ಹೆಣ್ಣುಮಗಳು ಗಡಿಯಾರ ಹಿಡಿದು ನಿಂತಿದ್ದಳು. ನೂರು ಮುಗಿದಾಗ ಇನ್ನೂ ಒಂಬತ್ತು ಸೆಕೆಂಡು ಉಳಿದಿತ್ತು. ಗುಂಡು ಕೆಳಗಿಟ್ಟೆ. ಹುಡುಗಿಯರು ಚಪ್ಪಾಳೆ ತಟ್ಟಿದರು. ಯಾರಿಗೆ ಫೋನ್ ಮಾಡಲಿ ಅಂತ ಮೊಬೈಲು ತೆಗೆದು, ಸ್ವಲ್ಪ ಹೊತ್ತು ನೋಡಿ, ಮತ್ತೆ ಚೀಲಕ್ಕೆ ಹಾಕಿಕೊಂಡೆ.

ಸಂಜೆ ನಾನು ಒಳಗೆ ಬಂದಾಗ ಮಗ್ಗದ ಸಪ್ಪಳ ನಿಂತಿತು. "ಆತು?" ಅಂದರು ಗಂಡ. "ಆತು" ಅಂದೆ. ಅವರ ಮುಖ ಅರಳಿತು. "ನನಗ ಗೊತ್ತಿತ್ತು, ಈ ಸಲ ನೀ ಮಾಡೇ ಮಾಡ್ತಿ ಅಂತ."

ಈ ಮಾತು ಕೇಳಲಿಕ್ಕೆ ನಾನು ಎಷ್ಟು ವರ್ಷ ಕಾದಿದ್ದೆ! ಈಗ ಬಂತು, ಆದರೆ ಒಳಗೆ ಇಳಿಯಲಿಲ್ಲ. "ಖರೆ ಹೇಳ್ರಿ" ಅಂದೆ.

ಅವರು ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟರು. "ಇಲ್ಲ" ಅಂದರು. "ಈ ಸಲಾನೂ ಆಗಂಗಿಲ್ಲ ಅಂತನ ಅನ್ಕೊಂಡಿದ್ದೆ."

ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ಹೊರಗಿಂದ ಅವರು, "ಏನಾತಬೇ? ನೀನ ಖರೆ ಹೇಳು ಅಂದಿ, ಹೇಳಿದೆ" ಅನ್ನುತ್ತಿದ್ದರು. ಹೌದು, ಹೇಳಿದರು. ಎಂಟು ತಿಂಗಳು ಮುಚ್ಚಿಟ್ಟ ಮನುಷ್ಯ, ಒಂದು ಸಲ ಕೇಳಿದ್ದಕ್ಕೆ, ಲಾಳಿ ಕೆಳಗಿಡುವಷ್ಟು ಹೊತ್ತಿನಲ್ಲಿ ಹೇಳಿಬಿಟ್ಟರು. ಅವರಿಗೆ ಅದು ಅಷ್ಟು ಸುಲಭವಿತ್ತು.