ಕೆನ್ನೆಗೆ ಸವರಿದ ಕೋರೆ

ಶಿಡ್ಲಘಟ್ಟದಲ್ಲಿ ದೇವರ ಪಟಗಳಿಗೆ ಚಿನ್ನದ ರೇಕು ಅಂಟಿಸುವವರು ನಾವಿಬ್ಬರೇ ಇದ್ದೆವು, ನಾನು ಮತ್ತು ಪಕ್ಕದಂಗಡಿಯವನು. ಅವನು ಕಾಡುಹಂದಿಯ ಕೋರೆಹಲ್ಲನ್ನು, ಮೈಜಿಡ್ಡು ತಾಗಿ ನುಣ್ಣಗೆ ಜಾರಲೆಂದು, ಕೆನ್ನೆಗೆ ಸವರಿಕೊಂಡು, "ನಿಧಾನ ಕಣಪ್ಪ" ಎಂದು ರೇಕಿಗೇ ಹೇಳುತ್ತ ಉಜ್ಜಿ ಹೊಳಪು ತರುತ್ತಿದ್ದ. ನಾನು ಕಲ್ಲಿನಿಂದ ಉಜ್ಜಿದ್ದು ಮಂಕಾಗಿರುತ್ತಿತ್ತು. ಗಿರಾಕಿಗಳು ನನ್ನ ಬಾಗಿಲು ದಾಟಿ ಅವನಲ್ಲಿಗೆ ಹೋಗುವಾಗ ಹೊಟ್ಟೆ ಉರಿಯುತ್ತಿತ್ತು. ಹೊಳಪೆಲ್ಲ ಆ ಕೋರೆಯದೇ ಎಂದುಕೊಂಡು, ಅವನು ಊಟಕ್ಕೆ ಹೋದಾಗ ಅದನ್ನು ಕದ್ದೆ. ಅದರಿಂದ ಉಜ್ಜಿದರೆ ನನ್ನ ರೇಕು ಹರಿದೇ ಹೋಯಿತು.

ಸಂಜೆ ಅವನೇ ಬಂದ. "ಕೋರೆ ಎಲ್ಲೋ ಬಿದ್ದೋಯ್ತು ಕಣಪ್ಪ. ನಿನ್ ಕಲ್ಲು ಕೊಡ್ತೀಯಾ?"

"ನಿನ್ ಕೈಗೆ ಒಗ್ಗಲ್ಲ ಬಿಡು" ಎಂದು ನಕ್ಕು ಕೊಟ್ಟೆ.

ಕಲ್ಲನ್ನೂ ಕೆನ್ನೆಗೆ ಸವರಿಕೊಂಡ. ಮರುದಿನ ಅವನ ಪಟ ಎಂದಿನಂತೆಯೇ ಹೊಳೆಯಿತು. "ಒಳ್ಳೇ ಕಲ್ಲಪ್ಪ ನಿಂದು. ಜೋಪಾನ, ಯಾರಾದ್ರೂ ಎತ್ಕೊಂಡೋದಾರು" ಎಂದು ಹಿಂದಿರುಗಿಸಿದ.

ಈಗ ಅವನಿಲ್ಲ. ಕೋರೆ ನನ್ನ ಪೆಟ್ಟಿಗೆಯಲ್ಲಿದೆ. ಅದನ್ನು ಕೆನ್ನೆಗೆ ತಾಗಿಸುವ ಧೈರ್ಯ ನನಗಿನ್ನೂ ಬಂದಿಲ್ಲ.