ಕಾಕಾನ ಇಪ್ಪತ್ನಾಲ್ಕು ಮಾತು

ಕಳೆದ ವರ್ಷ ಬಕ್ರೀದಿಗೆ ಹದಿನಾರು ದಿನ ಇರುವಾಗ, ಒಂದು ಮಂಗಳವಾರ ಬೆಳಿಗ್ಗೆ, ನಮ್ಮ ಕಾಕಾನ ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಆಯಿತು. ಆಮೇಲೆ ಅವರ ದನಿ ಇದ್ದ ಆ್ಯಪ್ ತೆರೆಯಲಿಲ್ಲ. ಅಪ್‌ಡೇಟಿಗೆ ಒಪ್ಪಿಗೆ ಒತ್ತಿದವನು ನಾನು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಗಡಿಯಾಚೆ ಜತ್ತ ತಾಲೂಕಿನ ಸಂಖದಲ್ಲಿ ಮನೆ, ಕುರಿ ಸಂತೆಯಲ್ಲಿ ದಲ್ಲಾಳಿ ಕೆಲಸ. ಮಾರುವವನನ್ನೂ ಕೊಳ್ಳುವವನನ್ನೂ ಮಾತಿನಿಂದ ಹತ್ತಿರ ತರಬೇಕು, ಕೊನೆಗೆ ಟವಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲಿ ದರ ಮುಗಿಸಬೇಕು. ದರ ಯಾರಿಗೂ ತಿಳಿಯಬಾರದು. ಹಲ್ಲು ನೋಡಿ ಹೇಳುವ ಕುರಿಯ ವಯಸ್ಸು ಸಹಿತ ಉಳಿದದ್ದೆಲ್ಲ ಇಡೀ ಸಂತೆಗೆ ಕೇಳಿಸಬೇಕು. ಪಕ್ಕದ ಉಟಗಿಯಿಂದ ಬರುವ ಜೀಪಿನಿಂದ ಇಳಿದವರು ಕಾಕಾನ ದನಿ ಕೇಳಿಯೇ ಆ ಕಡೆ ನಡೆಯುತ್ತಿದ್ದರು.

ಅದಕ್ಕೆ ಎರಡು ವರ್ಷ ಮೊದಲು ಅವರ ಗಂಟಲಲ್ಲಿ ಕ್ಯಾನ್ಸರ್ ಕಂಡಿತ್ತು. ಧ್ವನಿಪೆಟ್ಟಿಗೆ ತೆಗೆಯಬೇಕು, ಬಳಿಕ ಮಾತು ಬರುವುದಿಲ್ಲ ಎಂದು ಮಿರಜದ ಡಾಕ್ಟರು ಹೇಳಿದರು. ನಾನು ಪುಕ್ಕಟೆ ಸಿಗುವ ಒಂದು ಆ್ಯಪ್ ಹುಡುಕಿದೆ. ಪರದೆಯ ಮೇಲೆ ಇಪ್ಪತ್ನಾಲ್ಕು ಚೌಕ. ಒಂದೊಂದರಲ್ಲೂ ಒಂದು ಮಾತು ರೆಕಾರ್ಡ್ ಮಾಡಿಡಬಹುದು. ಚೌಕ ಒತ್ತಿದರೆ ಫೋನು ಅದೇ ದನಿಯಲ್ಲಿ ಆಡುತ್ತದೆ.

ಆಪರೇಶನ್ನಿಗೆ ಹೋಗುವ ಹಿಂದಿನ ದಿನ ಕಾಕಾ ಪಡಸಾಲೆಯಲ್ಲಿ ಕುಳಿತು ಎಲ್ಲವನ್ನೂ ಒಂದೇ ಸಲಕ್ಕೆ ಆಡಿದರು.

"ಬರ್ರಿ ಬರ್ರಿ, ಹಲ್ಲ ನೋಡ್ರಿ, ಎರಡ ಹಲ್ಲಿಂದು!"

"ಯಾಕ್ರಿ ಮಾವಾರ, ಕೈ ಕೊಡಾಕ ಅಂಜತೀರೇನ್ರಿ?"

"ಇಂಥಾ ಟಗರ ಮುಂದಿನ ಸಂತ್ಯಾಗ ಹುಡುಕಿದ್ರೂ ಸಿಗಂಗಿಲ್ಲ ನೋಡ್ರಿ."

ಆರು ಮಾತು ಮರಾಠಿಯವು, ಜತ್ತದ ಆಚೆಯಿಂದ ಬರುವ ಗಿರಾಕಿಗಳಿಗೆ. ಉಳಿದವು ಕನ್ನಡ. ನಮ್ಮ ಮನೆಯ ಮಾತು ದಖನಿ ಉರ್ದು. ಮನೆಯವರು ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. "ಮನಿಗೂ ಒಂದೆರಡು ಇರಲಿ ಕಾಕಾ" ಅಂದೆ.

"ಮನ್ಯಾಗ ನನ್ನ ಮಾತ ಯಾರ ಕೇಳ್ತಾರ? ನಿಮ್ಮ ಕಾಕೀಗಿ ಕಣ್ಣ ತಗದ ನೋಡಿದ್ರ ಸಾಕು."

ಕಾಕಿ ಅಡಿಗೆಮನೆಯಿಂದ, "ಕಣ್ಣ ತಗೀರಿ, ಚಾ ಯಾರ ಕೊಡ್ತಾರ ನೋಡೂಣು" ಎಂದರು. ಎಲ್ಲರೂ ನಕ್ಕೆವು. ಒಂದು ಚೌಕವೂ ಖಾಲಿ ಉಳಿಯಲಿಲ್ಲ.

ದಖನಿಯ ಒಂದು ಮಾತೂ ಅದರಲ್ಲಿಲ್ಲ ಎಂಬುದು ಮಿರಜದಿಂದ ಮರಳಿದ ಮೇಲೆ ಗೊತ್ತಾಯಿತು. ಕಾಕಾ ಹೆಂಡತಿಯನ್ನು ಹೆಸರು ಹಿಡಿದು ಕರೆದವರಲ್ಲ. "ಸುನ್ತೀ ಕ್ಯಾ" ಅನ್ನುತ್ತಿದ್ದರು, ಕೇಳ್ತೀಯೇನು ಎಂದು. ಅದನ್ನು ರೆಕಾರ್ಡ್ ಮಾಡುವುದು ಯಾರಿಗೂ ಹೊಳೆದಿರಲಿಲ್ಲ. ಕಾಕಿ ಹಿತ್ತಲಲ್ಲಿದ್ದು ತಮಗೆ ನೀರು ಬೇಕಾದಾಗ ಕಾಕಾ ಒಂದನೇ ಚೌಕ ಒತ್ತುತ್ತಿದ್ದರು: ಬರ್ರಿ ಬರ್ರಿ, ಹಲ್ಲ ನೋಡ್ರಿ.

"ಬಂದ್ನಿ. ಯಾರ ಹಲ್ಲ ನೋಡಲಿ, ನಿಮ್ಮವೇನು?" ಎಂದು ಕಾಕಿ ಬರುತ್ತಿದ್ದರು. ಕೆಲವು ತಿಂಗಳಾದ ಮೇಲೆ ಏನೂ ಅನ್ನದೆ ಬರತೊಡಗಿದರು.

ಸಂತೆಯಲ್ಲಿ ಆ್ಯಪ್ ಕೆಲಸ ಮಾಡಿತು. ಕಾಕಾ ಕೊರಳಿಗೆ ಸಣ್ಣ ಸ್ಪೀಕರ್ ಹಾಕಿಕೊಂಡಿದ್ದರು. ಯಳವಿಯ ಒಬ್ಬ ಗಿರಾಕಿ, "ಏ ದಲ್ಲಾಳಿ, ಹಾಡ ಹಚ್ಚೀಯೇನೋ?" ಎಂದು ಕೆಣಕಿದ. ಕಾಕಾ ಒತ್ತಿದ್ದು "ಕೈ ಕೊಡಾಕ ಅಂಜತೀರೇನ್ರಿ" ಚೌಕ. ಸುತ್ತಲಿನವರು ಅವನನ್ನೇ ನೋಡಿ ನಕ್ಕರು. ವ್ಯಾಪಾರವೂ ಆಯಿತು.

ಅಪ್‌ಡೇಟ್ ಮಾಡಿರಿ ಎಂಬ ಸೂಚನೆ ಒಂದು ತಿಂಗಳಿಂದ ಬರುತ್ತಿತ್ತು. ಅದು ಮೇಲಿನ ನಾಲ್ಕು ಚೌಕ ಮುಚ್ಚುತ್ತಿತ್ತು. ಗಿರಾಕಿ ಎದುರಿಗಿದ್ದಾಗ ಬೆರಳು ಅದಕ್ಕೇ ತಾಗಿ, ಮಾತು ಹೊರಡುತ್ತಿರಲಿಲ್ಲ. ಆ ಮಂಗಳವಾರ ಕಾಕಾ ಫೋನು ನನ್ನ ಮುಂದೆ ಹಿಡಿದು, ಆ ಸೂಚನೆ ತೆಗೆದುಹಾಕು ಎಂದು ಕೈ ಮಾಡಿದರು. ನಾನು ಒತ್ತಿದೆ. ಇಪ್ಪತ್ತು ನಿಮಿಷಕ್ಕೆ ಫೋನು ಮತ್ತೆ ಶುರುವಾಯಿತು. ಆ್ಯಪ್ ಒತ್ತಿದರೆ ಬಂದದ್ದು ಒಂದೇ ಸಾಲು: ಇದು ಹಳೆಯ ಆವೃತ್ತಿಗಾಗಿ ಮಾಡಿದ್ದು.

ರೆಕಾರ್ಡಿಂಗು ಆ್ಯಪಿನ ಒಳಗೇ ಇದ್ದವು. ನಾನು ಬೇರೆ ಕಡೆ ಇಟ್ಟಿರಲಿಲ್ಲ. ಆ್ಯಪ್ ಮಾಡಿದವರ ವಿಳಾಸಕ್ಕೆ ಬರೆದ ಇಮೇಲ್ ತಿರುಗಿ ಬಂತು. ಜತ್ತದ ಮೊಬೈಲ್ ರಿಪೇರಿಯವನು ಎರಡು ದಿನ ಫೋನು ಇಟ್ಟುಕೊಂಡು, "ಒಳಗ ಅದಾವ್ರಿ, ಖರೆ ನನಗ ತಗ್ಯಾಕ ಬರಂಗಿಲ್ಲ. ರಿಸೆಟ್ ಮಾತ್ರ ಹೊಡೀಬ್ಯಾಡ್ರಿ, ಇದ್ದದ್ದೂ ಹೋಗ್ತಾವ" ಎಂದ.

ಬಕ್ರೀದಿನ ಮೊದಲಿನ ಸಂತೆ ಕುರಿ ದಲ್ಲಾಳಿಗಳಿಗೆ ವರ್ಷದ ದೊಡ್ಡ ಸಂತೆ. ಕಾಕಾನ ಜೊತೆ ನಾನೂ ಹೋದೆ. ಬರೆದದ್ದನ್ನು ಓದಿ ಹೇಳುವ ಬೇರೊಂದು ಆ್ಯಪನ್ನು, ಹಳೆಯದನ್ನು ಮುಟ್ಟದೆ, ಕಾಕಾನಿಗೆ ಕೊಂಡುಕೊಟ್ಟ ಹೊಸ ಫೋನಿಗೆ ಹಾಕಿದ್ದೆ. ಅದು ಹೆಂಗಸಿನ ದನಿಯಲ್ಲಿ "ಬನ್ನಿ, ಹಲ್ಲನ್ನು ನೋಡಿ" ಎಂದಿತು.

"ಇವರ್ಯಾರ್ರಿ ಅಕ್ಕಾರು, ಟಿವ್ಯಾಗ ಸುದ್ದಿ ಓದಾವ್ರೇನು?" ಎಂದು ಯಾರೋ ಕೇಳಿದರು. ಕಾಕಾ ಸ್ಪೀಕರ್ ಬಂದ್ ಮಾಡಿದರು. ಆಗ ನಾನೇ ಅವರ ಮಾತುಗಳನ್ನು ಕೂಗಲು ಶುರು ಮಾಡಿದೆ. ಎರಡನೇ ಸಲ ಕೂಗುವಷ್ಟರಲ್ಲಿ ಕಾಕಾ ನನ್ನ ಬಾಯಿಯ ಮೇಲೆ ಕೈ ಇಟ್ಟರು. ಹೆಗಲ ಮೇಲೆ ಟವಲ್ ಹಾಕಿಕೊಂಡು ಮಧ್ಯಾಹ್ನದವರೆಗೆ ನಿಂತರು. ಅದರ ಕೆಳಗೆ ಒಂದೂ ಕೈ ಬರಲಿಲ್ಲ.

ಹಬ್ಬದ ನಂತರ ನಾನು ಅವರ ದನಿ ಯಾರ ಬಳಿಯಾದರೂ ಇದೆಯೇ ಎಂದು ಕೇಳುತ್ತ ಹೋದೆ. ಸಿಕ್ಕಿದ್ದು ಒಂದು, ಉಟಗಿಯ ಹಳೆಯ ಗಿರಾಕಿಯೊಬ್ಬರ ಫೋನಿನಲ್ಲಿ. ಆಪರೇಶನ್ನಿನ ವಾರ ಕಾಕಾ ಕಳಿಸಿದ ವಾಯ್ಸ್ ಮೆಸೇಜು: "ಈ ವಾರ ಬರಬ್ಯಾಡ್ರಿ. ನಾ ಸಂತ್ಯಾಗ ಇರಂಗಿಲ್ಲ. ಮಿರಜಕ್ಕ ಹೊಂಟೀನಿ."

ಅದನ್ನು ತಂದು ಮನೆಯಲ್ಲಿ ಹಚ್ಚಿದೆ. ಕಾಕಿ ಪೂರ್ತಿ ಕೇಳಿ, "ಇಷ್ಟ ಏನು?" ಎಂದರು. ಇಷ್ಟೇ ಎಂದೆ. ಕಾಕಾ ಎದ್ದು ಕುರಿಗಳಿಗೆ ನೀರಿಡಲು ಹೋದರು.

ಈ ವರ್ಷ ಬಕ್ರೀದಿನ ಸಂತೆಗೆ ಕಾಕಾ ಹೋಗಲಿಲ್ಲ. ಹಳೆಯ ಫೋನು ಕಾಕಿಯ ಟ್ರಂಕಿನಲ್ಲಿದೆ. ವಾರಕ್ಕೊಮ್ಮೆ ಕಾಕಿಯೇ ಹೊರತೆಗೆದು ಚಾರ್ಜಿಗೆ ಹಚ್ಚುತ್ತಾರೆ. ಹೋದ ಶುಕ್ರವಾರ ನಾನು ನೋಡಿದಾಗ ಪರದೆಯ ಮೇಲೆ ಇನ್ನೊಂದು ಅಪ್‌ಡೇಟಿನ ಸೂಚನೆ ಬಂದಿತ್ತು. ಅದನ್ನು ಯಾರೂ ಒತ್ತಿಲ್ಲ.